ಮಕ್ಕಳನ್ನು ಆಡಿಸಲು ಹೋದವರಿಗೆ ಸಿಕ್ಕ ಬಳಗ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಕ್ಕೂಟದ ಸಭೆ ಅಂದರೆ ಉಳಿತಾಯ, ಸಾಲ, ಮರುಪಾವತಿ, ಬ್ಯಾಂಕಿನ ಪಾಸ್‌ಬುಕ್ಕು, ಇವೇ ಮಾತು. ಇವತ್ತು ಆ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬೇರೊಂದು ವಿಷಯ ಮಾತಾಡೋಣ ಅಂತ ಬಂದಿದ್ದೇವೆ. ಈ ವಿಷಯವನ್ನು ನಮಗೆ ಕೊಟ್ಟವರು ನೀವೇ. ಸಂಘಗಳ ಭೇಟಿಗೆ ಹೋದಾಗ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಸಿಸ್ಟರ್, ಮಗಳನ್ನು ಕಾಲೇಜಿಗೆ ಸೇರಿಸಿದ್ದು ಓದಲಿ ಅಂತ. ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ಟಿದ್ದೀವಿ. ಅವಳು ನೋಡಿದರೆ ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಕಾಯಿಲೆ ಮಕ್ಕಳ ಜೊತೆ ಆಟ ಆಡ್ತಾಳಂತೆ. ಇದೂ ಒಂದು ಕೆಲಸವಾ? ಅಲ್ಲಿಂದ ಏನಾದರೂ ಅಂಟಿಸಿಕೊಂಡು ಬಂದರೆ ಯಾರು ಹೊಣೆ?" ಆಮೇಲೆ ಬೇರೆ ಸಂಘಗಳಲ್ಲೂ ಇಂಥದೇ ಮಾತು ಬಂತು. ಕೆಲವರು ಮಗಳನ್ನು ಹೋಗಬೇಡ ಅಂತ ನಿಲ್ಲಿಸಿಯೂ ಬಿಟ್ಟಿದ್ದಾರೆ.

ತಾಯಿಯಾದವಳು ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ಮಗುವಿಗೆ ಆಟ ಯಾಕೆ ಬೇಕು, ಆಡಿಸಲು ಹೋದ ವಿದ್ಯಾರ್ಥಿಗಳಿಗೆ ಏನು ಸಿಗುತ್ತದೆ, ನಮ್ಮ ಸಂಘಗಳಿಗೆ ಅದರಲ್ಲಿ ಏನು ಕೆಲಸ ಇದೆ, ಈ ಮೂರನ್ನು ಒಂದೊಂದಾಗಿ ನೋಡೋಣ.

ಮೈಸೂರಿನ ಆಸ್ಪತ್ರೆಗೆ ಬರುವ ಮಕ್ಕಳು

ಮೈಸೂರು ಅಂದರೆ ಅರಮನೆ, ದಸರಾ ಅಂತಾರೆ. ಸುತ್ತಲಿನ ಜಿಲ್ಲೆಗಳ ಬಡವರಿಗೆ ಮೈಸೂರು ಅಂದರೆ ಆಸ್ಪತ್ರೆ. ಚಾಮರಾಜನಗರ, ಮಂಡ್ಯ, ಕೊಡಗಿನಿಂದಲೂ "ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ" ಅಂತ ಚೀಟಿ ಬರೆಸಿಕೊಂಡು ಬರುವವರು ಇಲ್ಲಿಗೇ ಬರುತ್ತಾರೆ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ನಮ್ಮ ಊರಿಗೆ ಬಂತು. ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ, ಹೆಂಗಸರು ಮಕ್ಕಳ ಚೆಲುವಾಂಬ ಆಸ್ಪತ್ರೆ ನಿಮಗೆಲ್ಲ ಗೊತ್ತು. ನಾವು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಿಂದ ಇದೆ. ಬನ್ನಿಮಂಟಪದ ಸಂತ ಜೋಸೆಫರ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ, ಇವೂ ಇವೆ. ಇಲ್ಲಿ ಕೂತಿರುವವರಲ್ಲಿ ಇವುಗಳಲ್ಲಿ ಒಂದರ ವರಾಂಡದಲ್ಲಾದರೂ ರಾತ್ರಿ ಕಳೆಯದವರು ಕಡಿಮೆ.

ಜ್ವರ, ವಾಂತಿ ಭೇದಿ ಅಂತ ಬಂದ ಮಗು ನಾಲ್ಕೈದು ದಿನದಲ್ಲಿ ಮನೆಗೆ ಹೋಗುತ್ತದೆ. ಎಲ್ಲ ಮಕ್ಕಳದ್ದೂ ಹಾಗಲ್ಲ. ಮೂತ್ರಪಿಂಡದ ತೊಂದರೆಯಿಂದ ಮೈ ಊದಿಕೊಂಡ ಮಗು, ಒಲೆಯ ಹತ್ತಿರ ಸುಟ್ಟುಕೊಂಡ ಮಗು, ರಕ್ತದ ಕ್ಯಾನ್ಸರ್ ಆದ ಮಗು, ಇವರು ವಾರಗಟ್ಟಲೆ ಇರಬೇಕು. ಥಲಸ್ಸೇಮಿಯಾ ಇರುವ ಮಕ್ಕಳು ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಲೇ ಇರಬೇಕು. ಹೆಗ್ಗಡದೇವನಕೋಟೆ, ಚಾಮರಾಜನಗರದ ಕಾಡಂಚಿನ ಜೇನುಕುರುಬ, ಸೋಲಿಗ ಮಕ್ಕಳಲ್ಲಿ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಕಾಣುತ್ತದೆ. ಕೈಕಾಲು ಸಂದುಗಳಲ್ಲಿ ತಡೆಯಲಾರದ ನೋವು ಬಂದಾಗ ಅವರು ಮತ್ತೆ ಮತ್ತೆ ದಾಖಲಾಗುತ್ತಾರೆ. ಈ ಕಾಯಿಲೆಯ ಪತ್ತೆ ಮತ್ತು ಚಿಕಿತ್ಸೆಗಾಗಿ 2023ರಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಯೋಜನೆಯನ್ನೇ ಆರಂಭಿಸಿತು.

ಇಂಥ ಮಗುವಿನ ದಿನ ಹೇಗಿರುತ್ತೆ ಯೋಚಿಸಿ. ಬೆಳಿಗ್ಗೆ ರಕ್ತ ತೆಗೆಯಲು ಒಬ್ಬರು. ಆಮೇಲೆ ಇಂಜೆಕ್ಷನ್‌ಗೆ ಒಬ್ಬರು. ರೌಂಡ್ಸಿಗೆ ಡಾಕ್ಟರು, ಅವರ ಹಿಂದೆ ಹತ್ತು ಜನ ಕಲಿಯುವ ಡಾಕ್ಟರು. ಹತ್ತಿರ ಬಂದವರೆಲ್ಲ ಏನಾದರೂ ಚುಚ್ಚುತ್ತಾರೆ, ಒತ್ತುತ್ತಾರೆ, ಕಹಿ ಕುಡಿಸುತ್ತಾರೆ. ಅವರ ಕೆಲಸ ಅದು, ಮಗು ಬದುಕಲಿ ಅಂತಲೇ ಮಾಡುತ್ತಾರೆ. ಮಗುವಿಗೆ ಅದು ಗೊತ್ತಾಗಬೇಕಲ್ಲ? ಬಿಳಿ ಕೋಟು ಕಂಡರೆ ಸಾಕು, ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತದೆ.

ಆ ಅಮ್ಮನ ಪಾಡು ಬೇರೆ. ಕೂಲಿ ಹೋಯಿತು. ಊರಲ್ಲಿ ಇನ್ನಿಬ್ಬರು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. ಸ್ನಾನಕ್ಕೆ ಹೋಗೋಣ ಅಂದರೆ ಮಗು ಬಿಡುವುದಿಲ್ಲ. ಒಂದು ತುತ್ತು ತಿನ್ನೋಣ ಅಂದರೆ ಗ್ಲೂಕೋಸ್ ಬಾಟಲಿ ಮುಗಿಯಿತೇನೋ ಅಂತ ಕಣ್ಣು ಅಲ್ಲೇ ಇರುತ್ತದೆ.

ಆಟವೂ ಮಗುವಿನ ಅಗತ್ಯ

"ಕಾಯಿಲೆ ಮಗುವಿಗೆ ಔಷಧಿ ಬೇಕು, ಆಟ ಯಾಕೆ?" ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ದೇಶಗಳವರೂ ಅಂದುಕೊಂಡಿದ್ದರು. ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗುವನ್ನು ಸೇರಿಸಿದ ಮೇಲೆ ತಾಯಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ. ಭೇಟಿಗೆ ಗೊತ್ತಾದ ದಿನ, ಗೊತ್ತಾದ ಹೊತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬುವರು, ಅವರೂ ಸಮಾಜಕಾರ್ಯಕರ್ತರೇ, 1952ರಲ್ಲಿ ಒಂದು ಸಿನಿಮಾ ಮಾಡಿದರು. ಎರಡು ವರ್ಷದ ಹೆಣ್ಣುಮಗು ಸಣ್ಣ ಆಪರೇಷನ್ನಿಗಾಗಿ 8 ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಹೇಗೆ ಬಾಡಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಚಿತ್ರಿಸಿ ತೋರಿಸಿದರು. ಮೊದಲು ಡಾಕ್ಟರುಗಳಿಗೆ ಕೋಪ ಬಂತು. ಕೊನೆಗೆ 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿಯು, ತಂದೆತಾಯಿ ಮಗುವನ್ನು ಯಾವಾಗ ಬೇಕಾದರೂ ನೋಡಲು ಬಿಡಬೇಕು, ವಾರ್ಡಿನಲ್ಲಿ ಆಟಕ್ಕೂ ಪಾಠಕ್ಕೂ ಏರ್ಪಾಡು ಇರಬೇಕು ಅಂತ ಶಿಫಾರಸು ಮಾಡಿತು.

ಆಮೇಲೆ 1986ರಲ್ಲಿ ನ್ಯೂಯಾರ್ಕಿನ ಸರ್ಕಸ್ ಕಲಾವಿದ ಮೈಕೆಲ್ ಕ್ರಿಸ್ಟೆನ್ಸನ್ ಎಂಬುವರು ಕೋಡಂಗಿ ವೇಷದವರನ್ನು ಮಕ್ಕಳ ವಾರ್ಡಿಗೆ ವಾರವಾರ ಕಳಿಸುವ ಕೆಲಸ ಆರಂಭಿಸಿದರು. ಇವತ್ತು ಅದು ಅನೇಕ ದೇಶಗಳಲ್ಲಿ ನಡೆಯುತ್ತಿದೆ, ನಮ್ಮ ದೇಶದ ದೊಡ್ಡ ನಗರಗಳಲ್ಲೂ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟವೂ ಮಗುವಿನ ಹಕ್ಕು ಅಂತ ಬರೆದಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆರೋಗ್ಯವಾಗಿರುವ ಮಕ್ಕಳಿಗೆ ಮಾತ್ರ ಈ ಹಕ್ಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ನಮ್ಮಲ್ಲಿ ಒಂದು ಒಳ್ಳೆಯದಿದೆ. ತಾಯಿಯೋ ಅಜ್ಜಿಯೋ ಮಗುವಿನ ಜೊತೆಯಲ್ಲೇ ಇರುತ್ತಾರೆ, ಅವರನ್ನು ಯಾರೂ ಓಡಿಸುವುದಿಲ್ಲ. ಆದರೆ ಆಡಿಸುವವರಿಲ್ಲ. ಭಯದಲ್ಲಿರುವ ತಾಯಿಗೆ ಆಡಿಸುವ ಮನಸ್ಸು ಎಲ್ಲಿಂದ ಬರಬೇಕು? ನರ್ಸುಗಳಿಗೆ ಪುರುಸೊತ್ತಿಲ್ಲ. ಆ ಜಾಗಕ್ಕೆ ನಮ್ಮ ಕಾಲೇಜು ಮಕ್ಕಳು ಬಂದರು.

ಶನಿವಾರದ ತಂಡ

ನಮಗೆ ಗೊತ್ತಿರುವ ಒಂದು ತಂಡದ ಬಗ್ಗೆ ಹೇಳುತ್ತೇವೆ. ನಗರದ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡು. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು. ಹನ್ನೆರಡು ಹದಿನಾಲ್ಕು ವಿದ್ಯಾರ್ಥಿಗಳು, ಒಂದೇ ಕಾಲೇಜಿನವರಲ್ಲ. ಕೆಲವರು ರಾಷ್ಟ್ರೀಯ ಸೇವಾ ಯೋಜನೆಯಿಂದ ಬಂದವರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ 1969ರಲ್ಲಿ ಶುರುವಾದ ಯೋಜನೆ ಅದು, ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಕೆಲವರು ಸಮಾಜಕಾರ್ಯ ಓದುವವರು, ಅವರಿಗೆ ಕ್ಷೇತ್ರಕಾರ್ಯ ಕಡ್ಡಾಯ. ಉಳಿದವರು ಗೆಳತಿ ಕರೆದಳು, ಗೆಳೆಯ ಕರೆದ ಅಂತ ಬಂದವರು. ಮುಚ್ಚುಮರೆ ಯಾಕೆ, ಮೊದಲು ಹೆಚ್ಚಿನವರು ಬಂದದ್ದು ಗಂಟೆ ಲೆಕ್ಕಕ್ಕೆ, ಸರ್ಟಿಫಿಕೇಟಿಗೆ.

ಏನು ಆಡಿಸುತ್ತಾರೆ? ದುಬಾರಿ ಸಾಮಾನು ಏನೂ ಇಲ್ಲ. ಹಳೇ ಪೇಪರಿನ ದೋಣಿ, ಟೋಪಿ. ಬೆರಳಿಗೆ ಹಾಕುವ ಕಾಗದದ ಗೊಂಬೆ. ಗೋಡೆ ಮೇಲೆ ಕೈನೆರಳಿನ ನಾಯಿ, ಮೊಲ. ಚೌಕಾಬಾರ, ಅಳಿಗುಳಿಮಣೆ. ಈ ಮಣೆಯಾಟಗಳಿಗೆ ಮೈಸೂರು ತವರುಮನೆ ಇದ್ದ ಹಾಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ತಾವೇ ರಚಿಸಿದವರು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರ ಇವತ್ತಿಗೂ ಇವೆ. ಒಂದು ಕೈಗೆ ಸೂಜಿ ಹಾಕಿದ್ದರೂ ಇನ್ನೊಂದು ಕೈಯಲ್ಲಿ ಹುಣಸೆಬೀಜ ಎಣಿಸಿ ಆಡಬಹುದು. ಮೂರು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಬೀಜ ಕೊಡುವುದಿಲ್ಲ, ನುಂಗಿಬಿಟ್ಟಾವು ಅಂತ.

ಒಬ್ಬ ವಿದ್ಯಾರ್ಥಿನಿ ನರ್ಸಮ್ಮನ ಹತ್ತಿರ ಸೂಜಿಯಿಲ್ಲದ ಹೊಸ ಸಿರಿಂಜುಗಳನ್ನು ಕೇಳಿ ಪಡೆದಳು. ಅದರಲ್ಲಿ ಬಣ್ಣದ ನೀರು ತುಂಬಿ ಕಾಗದದ ಮೇಲೆ ಚಿಮ್ಮಿಸಿ ಚಿತ್ರ ಮಾಡಿಸಿದಳು. ಸಿರಿಂಜು ಕಂಡರೆ ಚೀರುತ್ತಿದ್ದ ಐದು ವರ್ಷದ ಹುಡುಗ ಆವತ್ತು ಅದನ್ನು ತಾನೇ ಕೈಯಲ್ಲಿ ಹಿಡಿದ. ಇಂಜೆಕ್ಷನ್ ಆಗ ನೋಯಲಿಲ್ಲ ಅಂತಲ್ಲ. ಆದರೂ ಮೊದಲಿನಷ್ಟು ಹೆದರಲಿಲ್ಲ ಅಂತ ಅವನ ಅಜ್ಜಿಯೇ ನಮಗೆ ಹೇಳಿದರು.

ಈಗ "ಕಾಯಿಲೆ ಅಂಟಿದರೆ?" ಅನ್ನುವ ಪ್ರಶ್ನೆಗೆ ಬರೋಣ. ವಾರ್ಡಿನ ಮಕ್ಕಳಲ್ಲಿ ಕೆಲವರಿಗೆ ಔಷಧಿಯ ಕಾರಣದಿಂದ ರೋಗ ತಡೆಯುವ ಶಕ್ತಿ ಕಡಿಮೆಯಾಗಿರುತ್ತದೆ. ಹೊರಗಿನಿಂದ ಹೋದವರ ನೆಗಡಿ ಅವರಿಗೆ ತುಂಬಾ ಅಪಾಯ. ಆದ್ದರಿಂದ ತಂಡಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ:

1. ವಾರ್ಡಿನ ಡಾಕ್ಟರು ಮತ್ತು ನರ್ಸಿನ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಯಾವ ಮಗುವಿನ ಹತ್ತಿರ ಹೋಗಬಾರದು ಅಂತ ಅವರು ಹೇಳುತ್ತಾರೋ ಅಲ್ಲಿಗೆ ಹೋಗುವಂತಿಲ್ಲ. ಅಂಟುವ ಕಾಯಿಲೆಯ ಮಕ್ಕಳ ಕೋಣೆಗೆ ಪ್ರವೇಶವೇ ಇಲ್ಲ.

2. ನೆಗಡಿ, ಕೆಮ್ಮು, ಜ್ವರ ಇದ್ದವರು ಆ ವಾರ ಬರಬಾರದು.

3. ಒಂದು ಮಗುವಿನಿಂದ ಇನ್ನೊಂದು ಮಗುವಿನ ಹತ್ತಿರ ಹೋಗುವಾಗ ಸೋಪಿನಿಂದ ಕೈ ತೊಳೆಯಬೇಕು. ಆಟದ ಸಾಮಾನು ತೊಳೆದು ಒರೆಸಬೇಕು. ಕಾಗದದ್ದು ಆ ಮಗುವಿಗೇ ಬಿಟ್ಟುಬರಬೇಕು.

4. ತಿನ್ನಲು ಏನೂ ಕೊಡಬಾರದು, ಚಾಕೊಲೇಟು ಸಹ.

5. ಮೊಬೈಲಿನಲ್ಲಿ ಫೋಟೋ ತೆಗೆಯಬಾರದು.

6. "ಏನು ಕಾಯಿಲೆ?" ಅಂತ ಕೇಳಬಾರದು. "ಬೇಗ ವಾಸಿಯಾಗುತ್ತೆ" ಅಂತ ಮಾತು ಕೊಡಬಾರದು.

7. ಬರುತ್ತೇವೆ ಅಂದ ಶನಿವಾರ ಬರಲೇಬೇಕು.

ಏಳನೆಯದು ಎಲ್ಲಕ್ಕಿಂತ ಕಷ್ಟದ್ದು. ಮಗು ದಿನ ಎಣಿಸುತ್ತಾ ಕಾಯುತ್ತದೆ. ಒಬ್ಬರಿಗೆ ಪರೀಕ್ಷೆ ಇದ್ದರೆ ಇನ್ನೊಬ್ಬರು ಬರಲೇಬೇಕು. ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಡುವುದರಿಂದಲೇ ಅವರು ಒಂದು ತಂಡವಾದರು.

ಆಡಿಸಲು ಹೋದವರಿಗೆ ಸಿಕ್ಕಿದ್ದು

ಅಕ್ಕಂದಿರೇ, ನಮ್ಮ ಮಕ್ಕಳು ಹಳ್ಳಿಯಿಂದ ಬಂದು ಹಾಸ್ಟೆಲು ಸೇರುತ್ತಾರೆ. ಫೋನಿನಲ್ಲಿ "ಚೆನ್ನಾಗಿದ್ದೀನಿ ಅಮ್ಮ" ಅನ್ನುತ್ತಾರೆ. ಎಷ್ಟೋ ಮಕ್ಕಳು ಚೆನ್ನಾಗಿರುವುದಿಲ್ಲ. ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗಿ, ನಿಮ್ಮಂತೆಯೇ ಒಂದು ಸಂಘದ ಸದಸ್ಯೆಯ ಮಗಳು, ಮೊದಲ ವರ್ಷ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಇಂಗ್ಲಿಷ್ ಬರುವುದಿಲ್ಲ, ತನ್ನ ಮಾತು ಕೇಳಿ ನಗುತ್ತಾರೆ ಅನ್ನುವ ಭಯ. ವಾರ್ಡಿನಲ್ಲಿ ಅವಳ ಊರಿನ ಮಾತೇ ಬೇಕಾಯಿತು. ಹನೂರು ಕಡೆಯ ಮಗು ಯಾರ ಹತ್ತಿರವೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿತ್ತು. ಇವಳು ಹೋಗಿ "ಯಾಕ್ಲಾ ಮಗಾ, ಆ ಕಡೀಕ್ ಮೊಕ ಮಾಡ್ಕಂಡಿದ್ದಿಯೆ?" ಅಂದಳು. ಮಗು ತಿರುಗಿತು. ನಗುತ್ತಾರೆ ಅಂತ ಅವಳು ಬಚ್ಚಿಟ್ಟುಕೊಂಡಿದ್ದ ಮಾತು ಆವತ್ತು ಒಂದು ಮಗುವಿನ ಮುಖ ತಿರುಗಿಸಿತು. ಆಮೇಲೆ ತಂಡದವರೆಲ್ಲ ಅವಳ ಹತ್ತಿರ ಕಥೆ ಹೇಳುವುದನ್ನು ಕಲಿತರು.

ಬೈಲುಕುಪ್ಪೆಯಿಂದ ಬಂದ ಒಬ್ಬ ಟಿಬೆಟನ್ ವಿದ್ಯಾರ್ಥಿ ಇದ್ದ. ಉರ್ದು ಮನೆಮಾತಿನ ಇಬ್ಬರು ಹುಡುಗಿಯರು ಇದ್ದರು. ಕಾಲೇಜಿನಲ್ಲಿ ಇವರೆಲ್ಲ ಬೇರೆ ಬೇರೆ ಬೆಂಚಿನವರು. ವಾರ್ಡಿನಲ್ಲಿ ಒಂದೇ ಬಕೆಟ್ಟಿನಲ್ಲಿ ಆಟದ ಸಾಮಾನು ತೊಳೆದರು.

ಆಟ ಮುಗಿದ ಮೇಲೆ ಆಸ್ಪತ್ರೆಯ ಕಾಂಪೌಂಡಿನ ಮರದ ಕೆಳಗೆ ಅರ್ಧ ಗಂಟೆ ಕೂರುತ್ತಾರೆ. ವೃತ್ತವಾಗಿ. ಇವತ್ತು ಏನಾಯಿತು, ಯಾರಿಗೆ ಏನು ಕಷ್ಟ ಆಯಿತು ಅಂತ ಒಬ್ಬೊಬ್ಬರೂ ಹೇಳಬೇಕು. ಒಬ್ಬರು ಪುಸ್ತಕದಲ್ಲಿ ಬರೆಯಬೇಕು. ತಲಾ ಹತ್ತು ರೂಪಾಯಿ ಹಾಕಿ ಮುಂದಿನ ವಾರದ ಕಾಗದ, ಬಣ್ಣ ತರುತ್ತಾರೆ. ಇದು ಎಲ್ಲೋ ನೋಡಿದ ಹಾಗೆ ಇದೆಯಲ್ಲ? ಹೌದು, ನಿಮ್ಮ ವಾರದ ಸಭೆಯೇ! ವೃತ್ತ, ನಡಾವಳಿ ಪುಸ್ತಕ, ಉಳಿತಾಯ, ಸರದಿ. ಸಮಾಜಕಾರ್ಯದ ಪುಸ್ತಕದಲ್ಲಿ ಇದಕ್ಕೆ "ಗುಂಪು ಕಾರ್ಯ" ಅಂತ ಹೆಸರು. ನೀವು ಪುಸ್ತಕ ಓದದೆಯೇ ಮಾಡುತ್ತಾ ಬಂದಿದ್ದೀರಿ.

ಹಾಸಿಗೆ ಬದಲಾದ ವಾರ

ಕಷ್ಟದ ಮಾತನ್ನೂ ಹೇಳಬೇಕು. ವಾರ್ಡಿನ ಎಲ್ಲ ಮಕ್ಕಳೂ ಮನೆಗೆ ಹೋಗುವುದಿಲ್ಲ. ಏಳು ವರ್ಷದ ಒಬ್ಬ ಹುಡುಗ ಚೌಕಾಬಾರದಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ. "ಬರೋ ವಾರ ಇನ್ನೊಂದಾಟ" ಅಂತ ಕವಡೆಗಳನ್ನು ತನ್ನ ತಲೆದಿಂಬಿನ ಕೆಳಗೇ ಇಟ್ಟುಕೊಂಡಿದ್ದ. ಮುಂದಿನ ಶನಿವಾರ ಆ ಹಾಸಿಗೆಯಲ್ಲಿ ಬೇರೆ ಮಗು ಇತ್ತು. ಅವನೊಡನೆ ಆಡುತ್ತಿದ್ದ ಹುಡುಗಿ ಆಮೇಲೆ ಮರದ ಕೆಳಗೆ ಕೂತು, "ನನ್ನ ಕೈಲಾಗಲ್ಲ, ನಾನಿನ್ನು ಬರಲ್ಲ" ಅಂದಳು.

ಯಾರೂ ಅವಳಿಗೆ ಬುದ್ಧಿ ಹೇಳಲಿಲ್ಲ. ನಾವೂ ಹೇಳಲಿಲ್ಲ. ಆವತ್ತು ಅರ್ಧ ಗಂಟೆಯ ಸಭೆ ಎರಡು ಗಂಟೆಯಾಯಿತು. ಅತ್ತರು, ಆ ಹುಡುಗನ ಆಟದ ಚೇಷ್ಟೆ ನೆನೆದು ನಕ್ಕರು. ಇಬ್ಬರು ಅವಳನ್ನು ಹಾಸ್ಟೆಲಿನ ತನಕ ಬಿಟ್ಟುಬಂದರು. ವಾರವೆಲ್ಲ ಒಬ್ಬರಲ್ಲ ಒಬ್ಬರು ಊಟಕ್ಕೆ ಜೊತೆಯಾದರು. ಮುಂದಿನ ಶನಿವಾರ ಅವಳು ಬಂದಳು, ಆದರೆ ವಾರ್ಡಿನ ಒಳಗೆ ಬರಲಿಲ್ಲ, ಬಾಗಿಲಲ್ಲೇ ಕೂತು ಕಾಗದ ಕತ್ತರಿಸಿ ಕೊಟ್ಟಳು. ಅದರ ಮುಂದಿನ ವಾರ ಒಳಗೆ ಬಂದಳು. ಆ ಹಾಸಿಗೆಯ ಹೊಸ ಮಗುವಿನ ಹೆಸರು ಕೇಳಿದಳು.

ಆ ಹುಡುಗಿ ನಮಗೆ ಆಮೇಲೆ ಹೇಳಿದ್ದು: "ಸಿಸ್ಟರ್, ಹೋದ ವರ್ಷ ನಮ್ಮ ತಾತ ತೀರಿಹೋದಾಗ ಹಾಸ್ಟೆಲಲ್ಲಿ ಯಾರಿಗೂ ಹೇಳದೆ ಬಾತ್‌ರೂಮಲ್ಲಿ ಅತ್ತಿದ್ದೆ. ಈ ಸಲ ನನ್ನ ಜೊತೆ ಹನ್ನೆರಡು ಜನ ಇದ್ದರು."

ಮಗಳಿಗೆ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಅಂತ ಕೇಳಿದ ತಾಯಿಗೆ ನಮ್ಮ ಉತ್ತರ ಇದು. ಕಷ್ಟ ಬಂದಾಗ ಒಬ್ಬಳೇ ಅಳಬೇಕಾಗಿಲ್ಲ ಅನ್ನುವುದು ಅವಳಿಗೆ ಗೊತ್ತಾಗುತ್ತದೆ. ನಿಮಗೆ ಸಂಘ ಸೇರಿದ ಮೇಲೆ ಗೊತ್ತಾದದ್ದೂ ಅದೇ ಅಲ್ಲವೇ?

2020ರಲ್ಲಿ ಕೊರೊನಾ ಬಂದಾಗ ಹೊರಗಿನವರು ವಾರ್ಡಿಗೆ ಹೋಗುವುದು ನಿಂತಿತು. ತಂಡ ಚೆದುರಿಹೋಗುತ್ತೆ ಅಂದುಕೊಂಡೆವು. ಅವರು ತಮ್ಮ ತಮ್ಮ ಊರುಗಳಲ್ಲೇ ಕೂತು ಮೊಬೈಲಿನಲ್ಲಿ ಕಥೆ ಹೇಳಿ, ಗೊತ್ತಿದ್ದ ತಾಯಂದಿರ ಫೋನಿಗೆ ಕಳಿಸಿದರು. ಶನಿವಾರದ ಸಭೆಯನ್ನು ಫೋನಿನಲ್ಲೇ ಮಾಡಿದರು. ಮತ್ತೆ ಬಾಗಿಲು ತೆರೆದಾಗ ಮೊದಲಿನವರು ಓದು ಮುಗಿಸಿದ್ದರು. ಆದರೆ ಹೊಸಬರನ್ನು ಕರೆದು ನಿಯಮ ಕಲಿಸಿ, ಪುಸ್ತಕವನ್ನು ಅವರ ಕೈಗೆ ಕೊಟ್ಟು ಹೋದರು.

ನಮ್ಮ ಸಂಘಗಳು ಏನು ಮಾಡಬಹುದು?

ಕೇಳಿ ಸುಮ್ಮನೆ ಎದ್ದುಹೋಗುವ ಸಭೆ ಇದಾಗಬಾರದು. ನಾಲ್ಕು ಕೆಲಸ ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಮಗಳೋ ಮಗನೋ ಇಂಥ ಸೇವೆಗೆ ಹೋಗುತ್ತೇವೆ ಅಂದರೆ ತಡೆಯಬೇಡಿ. ಯಾರ ಜೊತೆ, ಯಾವ ವಾರ್ಡು, ಎಷ್ಟು ಹೊತ್ತಿಗೆ ವಾಪಸು ಅಂತ ಕೇಳಿ. ಅದು ನಿಮ್ಮ ಹಕ್ಕು. ಜವಾಬ್ದಾರಿ ಇರುವ ಒಬ್ಬ ಅಧ್ಯಾಪಕರೋ ಕಾರ್ಯಕರ್ತೆಯೋ ಜೊತೆಗಿದ್ದಾರಾ ಅಂತ ವಿಚಾರಿಸಿ. ವಾರಕ್ಕೆ ಎರಡು ಗಂಟೆಯಿಂದ ಓದು ಹಾಳಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಸರದಿ ಬದಲಿಸಿಕೊಳ್ಳಲಿ.

ಎರಡನೆಯದು, ನಮ್ಮ ಸಂಘದ ಒಬ್ಬರ ಮಗು ಆಸ್ಪತ್ರೆ ಸೇರಿದರೆ ಬ್ರೆಡ್ಡು, ಹಣ್ಣು ಹಿಡಿದು ಹತ್ತು ಜನ ಒಟ್ಟಿಗೆ ಹೋಗಿ ಹತ್ತು ನಿಮಿಷ ನಿಂತು ಬರುತ್ತೇವೆ. ಅದರ ಬದಲು ಸರದಿ ಹಾಕಿಕೊಳ್ಳಿ. ದಿನಕ್ಕೆ ಒಬ್ಬರು, ಎರಡು ಗಂಟೆ. ಆ ಹೊತ್ತಿನಲ್ಲಿ ತಾಯಿ ಸ್ನಾನ ಮಾಡಲಿ, ಊಟ ಮಾಡಲಿ, ಒಂದು ಗಳಿಗೆ ಮಲಗಲಿ. ನೀವು ಮಗುವಿಗೆ ಕಥೆ ಹೇಳಿ. ಊರಿನಲ್ಲಿರುವ ಅವಳ ಉಳಿದ ಮಕ್ಕಳಿಗೆ ಇನ್ನೊಬ್ಬರು ಊಟ ಹಾಕಲಿ.

ಮೂರನೆಯದು, ಹೊಲಿಗೆ ಕಲಿತ ಸದಸ್ಯೆಯರು ತಂಡಕ್ಕೆ ಬಟ್ಟೆಗೊಂಬೆ ಹೊಲಿದು ಕೊಡಬಹುದು. ಹೊಸ ಹತ್ತಿಬಟ್ಟೆ, ಒಗೆಯಲು ಬರುವಂತಿರಬೇಕು. ಗುಂಡಿ, ಮಣಿ ಬೇಡ, ಕಣ್ಣನ್ನು ದಾರದಲ್ಲೇ ಹೊಲಿಯಿರಿ. ಒಂದು ಮಗುವಿಗೆ ಒಂದು, ಮನೆಗೆ ಹೋಗುವಾಗ ತೆಗೆದುಕೊಂಡೇ ಹೋಗಲಿ.

ನಾಲ್ಕನೆಯದು, ಕಾಗದಪತ್ರ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಪಡಿತರ ಚೀಟಿ, ಆಧಾರ್ ಎರಡನ್ನೂ ಒಂದೇ ಚೀಲದಲ್ಲಿ ಸಿದ್ಧ ಇಟ್ಟುಕೊಳ್ಳಿ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿದೆಯಾ ಅಂತ ಇವತ್ತೇ ಮನೆಗೆ ಹೋಗಿ ನೋಡಿ. ಇದೊಂದು ಇಲ್ಲದೆ ರಾತ್ರಿ ಹೊತ್ತು ಕೌಂಟರಿನ ಮುಂದೆ ಅಳುತ್ತಾ ನಿಂತ ತಾಯಂದಿರನ್ನು ನಾವು ನೋಡಿದ್ದೇವೆ.

ಯೇಸುಸ್ವಾಮಿ ರೋಗಿಗಳನ್ನು ಕಾಣಲು ಹೋದವರು ತಮ್ಮನ್ನೇ ಕಾಣಲು ಬಂದಂತೆ ಅಂತ ಬೋಧಿಸಿದರು. ಮಕ್ಕಳನ್ನು ಹತ್ತಿರ ಬಿಡದೆ ಶಿಷ್ಯರು ತಡೆದಾಗ ಬೇಸರಪಟ್ಟು, ಅವರನ್ನು ತಬ್ಬಿಕೊಂಡು ಆಶೀರ್ವದಿಸಿದರು. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದೀರಿ. ದಾರಿ ಯಾವುದಾದರೂ ಇರಲಿ, ಕಾಯಿಲೆ ಬಿದ್ದ ಮಗುವಿನ ಪಕ್ಕ ಕೂರುವುದನ್ನು ಬೇಡ ಅನ್ನುವ ಧರ್ಮ ಯಾವುದೂ ಇಲ್ಲ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಈ ನಾಲ್ಕು ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಿ. ಆಸ್ಪತ್ರೆಯ ಸರದಿಗೆ ಯಾರು ಯಾರು ಸಿದ್ಧ ಅಂತ ಹೆಸರು ಬರೆದು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿ. ಮುಂದಿನ ತಿಂಗಳು ಕಾರ್ಯಕರ್ತೆಯರು ಬಂದಾಗ ಆ ಪುಟವನ್ನು ತೋರಿಸಿ, ಸಾಲದ ಲೆಕ್ಕದ ಜೊತೆ ಅದನ್ನೂ ನೋಡುತ್ತೇವೆ.

 ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಕಾಪಾಡಲಿ.